ಹನ್ನೆರಡನೆಯ ತಟ್ಟೆ

ಸೆಪ್ಟೆಂಬರ್ ೩, ೨೦೨೫, ಬುಧವಾರ

ಇವತ್ತು ಭಾನುಪ್ರಕಾಶ್ ಬಂದು ಒಂದು ಗಂಟೆ ಹಾಳು ಮಾಡಿದ. ದೇವನಹಳ್ಳಿ ರಸ್ತೆಯಲ್ಲಿ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾರುವ ಆಸಾಮಿ. ಹೊಸ ಬಂಗಲೆಗೆ 'ಆಂಟಿಕ್ ಐಟಂ' ಬೇಕಂತೆ, ಅದಕ್ಕೆ ನನ್ನ ಸಲಹೆ ಬೇಕಂತೆ. ಬೀರುವಿನ ಮುಂದೆ ನಿಂತು, ಐನೂರು ವರ್ಷ ಹಳೆಯ ಬಟ್ಟಲಿಗೆ ಬೆರಳು ತೋರಿಸಿ, "ಇದನ್ನ ಮೈಕ್ರೋವೇವ್‌ಗೆ ಇಡ್ಬೋದಾ ಸಾರ್?" ಅಂದ. ಇಡಬಹುದು, ಜೊತೆಗೆ ನಿನ್ನ ತಲೆಯನ್ನೂ ಇಡಬಹುದು ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಶಕುಂತಲ ಕಾಫಿ ತಂದಳು, ಬದುಕಿಕೊಂಡ.

ಬೆಂಗಳೂರಿನಿಂದ ಸಂಘಮಿತ್ರ ಎಂಬಾಕೆಯ ಪತ್ರವೂ ಬಂದಿದೆ. ಡಿಸೆಂಬರಿನಲ್ಲಿ ಖಾಸಗಿ ಸಂಗ್ರಹಗಳ ಪ್ರದರ್ಶನ ಮಾಡುತ್ತಾರಂತೆ. 'ನಿಮ್ಮ ಪಿಂಗಾಣಿ ಸಂಗ್ರಹ' ಎಂದು ಬರೆದಿದ್ದಾಳೆ. ನನ್ನಲ್ಲಿರುವುದು ಇಟಲಿಯ ಮಯೋಲಿಕ. ಅದು ಪಿಂಗಾಣಿಯಲ್ಲ, ಸಾಧಾರಣ ಮಣ್ಣು, ಅದರ ಮೇಲೆ ತವರದ ಬಿಳಿ ಲೇಪ. ಕಲೆಯ ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವಳಿಗೆ ಇಷ್ಟೂ ತಿಳಿಯದು. ಆದರೂ ನವೆಂಬರ್ ಎಂಟಕ್ಕೆ ಮನೆಗೇ ಬಂದು ನೋಡಿ ಆರಿಸುತ್ತಾಳಂತೆ. ಒಂದು ಪುಟದ ಸ್ವಪರಿಚಯ ಕೇಳಿದ್ದಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಹೆಸರು ಲಕ್ಷ್ಮಣಪ್ಪ. ವಯಸ್ಸು ಅರವತ್ತೆಂಟು. ದೊಡ್ಡಬಳ್ಳಾಪುರದ ನೇಕಾರರ ಮನೆತನ. ಮೂವತ್ತು ವರ್ಷದ ಹಿಂದೆ ಮಿಲಾನಿಗೆ ಹೊಸ ಮಗ್ಗ ನೋಡಲು ಹೋದೆ. ಅಂಗಡಿಯೊಂದರ ಗಾಜಿನ ಹಿಂದೆ ಅಂಗೈಯಗಲದ ಬಟ್ಟಲು ಇತ್ತು. ಕಂದು ಬಣ್ಣ ಅಂದುಕೊಂಡು ಎರಡು ಹೆಜ್ಜೆ ಮುಂದೆ ಹೋದೆ, ಅದು ಚಿನ್ನವಾಯಿತು. ಮಗ್ಗ ಬಿಟ್ಟು ಬಟ್ಟಲು ತಂದೆ. ಊರು ನಕ್ಕಿತು, 'ತಟ್ಟೆ ಲಕ್ಷ್ಮಣಪ್ಪ' ಎಂದು ಹೆಸರಿಟ್ಟಿತು. ನಗುವವರಿಗೆ ಏನು ಗೊತ್ತು? ಸುಟ್ಟ ಪಾತ್ರೆಗೆ ಬೆಳ್ಳಿ, ತಾಮ್ರದ ಭಸ್ಮ ಹಚ್ಚಿ, ಹೊಗೆ ಕವಿದ ಒಲೆಯಲ್ಲಿ ಮೂರನೆಯ ಸಲ ಸುಟ್ಟರೆ ಮಾತ್ರ ಆ ಮೆರುಗು ಬರುತ್ತದೆ. ನೇರ ನೋಡಿದರೆ ಕಂದು, ಓರೆ ಹಿಡಿದರೆ ಚಿನ್ನ. ಬರೀ ಬಳಿದ ಬಣ್ಣವಾದರೆ ಎಲ್ಲ ಕಡೆಯಿಂದಲೂ ಒಂದೇ ಹೊಳಪು. ಇಷ್ಟು ತಿಳಿದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ.

ಈ ಕೊನೆಯ ವಾಕ್ಯ ಅವಳಿಗೆ ಕಳಿಸುವುದಿಲ್ಲ. ಆದರೆ ನಿಜ. ನಗುತ್ತಾ ಬಂದ ಈ ಊರಿನ ಮುಂದೆ ನನ್ನ ಕಣ್ಣಿಗೆ ಒಂದೇ ಒಂದು ಸಲ ಮರ್ಯಾದೆ ಸಿಗಬೇಕು. ನನಗೆ ಬೇಕಿರುವುದು ಅಷ್ಟೇ.

ಸೆಪ್ಟೆಂಬರ್ ೧೧, ಗುರುವಾರ

ಸ್ವಪರಿಚಯ ಕಳಿಸಿದೆ. ಜೊತೆಗೆ ಹನ್ನೆರಡನೆಯ ತಟ್ಟೆಯ ಫೋಟೋ. ರಾಜೇಂದ್ರ ಫೋನಿನಲ್ಲಿ ತೆಗೆದುಕೊಟ್ಟ. ಹಿಂದಿನ ಶೆಡ್ಡಿನಲ್ಲಿ ಆರು ಮಗ್ಗ ನಡೆಸುವ ನನ್ನ ಮಗನಿಗೆ ಫೋಟೋ ತೆಗೆಯುವುದೊಂದಾದರೂ ಬರುತ್ತದೆ.

ತಟ್ಟೆ ಕಳೆದ ತಿಂಗಳು ಭೀಮರಾಜ್ ತಂದುಕೊಟ್ಟದ್ದು. ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿ. ತಾನೇನು ಮಾರುತ್ತಿದ್ದೇನೆ ಎಂದು ಅವನಿಗೇ ಗೊತ್ತಿಲ್ಲ, ಪಾಪ. ನಡುವೆ ಹೆಣ್ಣಿನ ಮುಖ, ನೀಲಿ ರೇಖೆ, ಸುತ್ತ ಚಿನ್ನದ ಎಲೆಬಳ್ಳಿ. ಇಟಲಿಯ ಡೆರೂಟ ಊರಿನ ಕೆಲಸ, ಸಾವಿರದೈನೂರ ಇಪ್ಪತ್ತರ ಸುಮಾರಿನದು. ನನ್ನ ಉಳಿದ ಹನ್ನೊಂದು ಓರೆ ಮಾಡಿದರಷ್ಟೇ ಹೊಳೆಯುತ್ತವೆ. ಈಚೆಗೆ ಅದೂ ಕಡಿಮೆಯಾಗಿದೆ, ಈ ಊರಿನ ಧೂಳು ಅಂಥದ್ದು. ಇದು ಮಾತ್ರ ಹೇಗೆ ಹಿಡಿದರೂ ಚಿನ್ನ. ಉತ್ತಮ ಕೆಲಸವೆಂದರೆ ಹಾಗಿರಬೇಕು.

ಬೀರು ಒರೆಸಲು ಬಂದ ಸೊಸೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಮಾವ, ಇದ್ರಲ್ಲಿ ಒಂದು ಕೂದ್ಲಿದೆ," ಅಂದಳು. ನೋಡಿದೆ. ಭೂತಗನ್ನಡಿ ಹಿಡಿದೂ ನೋಡಿದೆ. ಕೂದಲೂ ಇಲ್ಲ, ಗೀದಲೂ ಇಲ್ಲ. "ಮೊದ್ಲು ಸಾರಲ್ಲಿ ಬೀಳೋ ಕೂದ್ಲು ನೋಡ್ಕೊಳಮ್ಮ," ಅಂದೆ. ತಟ್ಟೆ ಇಟ್ಟು ಹೋದಳು.

ಹಳೇ ರೇಷ್ಮೆ ಸೀರೆ ಕೊಂಡು, ಜರಿ ಅಂಚು ಸುಟ್ಟು ಬೆಳ್ಳಿ ತೆಗೆಯುವವನ ಮಗಳು. ನಾವು ನೇಯ್ದದ್ದನ್ನು ಅವರು ಸುಟ್ಟು ಬದುಕುತ್ತಾರೆ. ರಾಜೇಂದ್ರ ಮೆಚ್ಚಿ ತಂದ, ನಾನು ತಡೆಯಲಿಲ್ಲ, ಅಷ್ಟೇ. ಅಂಥ ಮನೆಯಿಂದ ಬಂದವಳು ಡೆರೂಟದ ಕೆಲಸಕ್ಕೆ ಕೊಂಕು ತೆಗೆಯುತ್ತಾಳೆ.

ಸೆಪ್ಟೆಂಬರ್ ೧೯, ಶುಕ್ರವಾರ

ಈಗಿನ ಬಲ್ಬುಗಳು ಬರೀ ಮೋಸ. ಮೂರು ಸಲ ಬದಲಾಯಿಸಿದರೂ ಬೆಳಕಿಲ್ಲ. ಪೇಪರಿನವರು ಶಾಯಿ ಉಳಿಸಲು ಹೊರಟಿದ್ದಾರೆ. ಹೋದ ವರ್ಷ ಬಿಳಿ ಎಂದು ಬಳಿಸಿದ ಗೋಡೆ ಆಗಲೇ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ನನ್ನ ಪಂಚೆಗಳೂ ಹಾಗೆಯೇ. ಸೊಸೆಗೆ ಬಟ್ಟೆಗೆ ನೀಲಿ ಹಾಕಲು ಬರುವುದಿಲ್ಲ.

ಶೆಡ್ಡಿಗೆ ಇಳಿಯುವ ಮೆಟ್ಟಿಲ ಮೇಲೆ ಎಡವಿದೆ. ಗಾರೆಯವನು ಒಂದೊಂದನ್ನು ಒಂದೊಂದು ಎತ್ತರಕ್ಕೆ ಕಟ್ಟಿದ್ದಾನೆ. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ಯಾರೂ ಅದನ್ನು ಗಮನಿಸಿಲ್ಲ.

ಸಂಜೆ ನೋಡಿದರೆ ಸೊಸೆ ಪ್ರತಿ ಮೆಟ್ಟಿಲ ಅಂಚಿಗೂ ಬಿಳಿ ಟೇಪು ಅಂಟಿಸಿದ್ದಾಳೆ. ಇದು ಮನೆಯೋ, ವಿಮಾನ ಇಳಿಯುವ ರನ್‌ವೇಯೋ. ಕೇಳಿದರೆ, "ಅತ್ತೆಗೆ ಮಂಡಿನೋವಲ್ವಾ ಮಾವ, ಅದಕ್ಕೆ," ಅಂದಳು. ಮಂಡಿನೋವಿಗೂ ಟೇಪಿಗೂ ಏನು ಸಂಬಂಧ? ಕೇಳಿದರೆ ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಾಳೆ ಎಂದು ಕೇಳಲಿಲ್ಲ.

ಸೆಪ್ಟೆಂಬರ್ ೨೪, ಬುಧವಾರ

ಸಂಘಮಿತ್ರ ಫೋನ್ ಮಾಡಿದ್ದಳು. ಹನ್ನೆರಡನೆಯ ತಟ್ಟೆಯನ್ನು ಪ್ರದರ್ಶನದ ಪುಸ್ತಕದ ಮುಖಪುಟಕ್ಕೆ ಹಾಕುವ ಯೋಚನೆಯಂತೆ. "ಗೋಲ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಸರ್, ಹೊಸದರ ಹಾಗೆ," ಅಂದಳು. ಪಿಂಗಾಣಿ ಅಂದವಳಿಗೂ ಅಷ್ಟು ಕಂಡಿದೆ.

ನವೆಂಬರ್ ಎಂಟಕ್ಕೆ ಬರುವಂತೆ ನೇಕಾರರ ಸಂಘದ ಇಬ್ಬರಿಗೆ ಹೇಳಿದೆ. ಭಾನುಪ್ರಕಾಶನಿಗೂ ಹೇಳಿದೆ. ಅವನ ಮುಖ ನೋಡಬೇಕು.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ಮಗ್ಗಗಳೆಲ್ಲ ನಿಂತಿವೆ, ಇಂಥ ಮೌನ ಈ ಬೀದಿಗೆ ವರ್ಷಕ್ಕೊಂದೇ ದಿನ. ಆರು ಮಗ್ಗಕ್ಕೂ ಬಾಳೆಕಂದು ಕಟ್ಟಿದರು. ಲಾಳಿಗೆ, ಎಣ್ಣೆಡಬ್ಬಿಗೆ, ಸ್ಕೂಟರಿಗೆ, ಕೊನೆಗೆ ಮಿಕ್ಸಿಗೂ ಗಂಧ ಕುಂಕುಮ ಇಟ್ಟರು. ಇಡಲಿ, ಮಿಕ್ಸಿಗೆ ಏನೂ ಆಗುವುದಿಲ್ಲ.

ಸ್ನಾನ ಮುಗಿಸಿ ಬಂದು ನೋಡುತ್ತೇನೆ, ನನ್ನ ಬೀರು ಬಾಗಿಲು ತೆರೆದಿದೆ. ಹನ್ನೆರಡಕ್ಕೂ ಒಂದೊಂದು ಬೊಟ್ಟು. ಡೆರೂಟದ ಸುಂದರಿಗೆ ಸರಿಯಾಗಿ ಹಣೆಯ ನಡುವೆ ಇಟ್ಟಿದ್ದಾರೆ. ಐನೂರು ವರ್ಷ ಬರೀ ಹಣೆಯಲ್ಲಿದ್ದವಳು ದೊಡ್ಡಬಳ್ಳಾಪುರಕ್ಕೆ ಬಂದು ಮುತ್ತೈದೆಯಾದಳು.

"ಎಲ್ರ ಆಯುಧಕ್ಕೂ ಇಟ್ಟಾಯ್ತು. ನಿಮ್ಮ ಆಯುಧ ಇವೇ ತಾನೆ? ನಾನೇ ಇಡಿಸ್ದೆ," ಅಂದಳು ಶಕುಂತಲ. ಪೂಜೆಯ ದಿನ ಕೂಗಾಡಬಾರದಂತೆ. ಕೂಗಾಡಿದೆ. ನಾಳೆ ಪೂಜೆ ಕದಲಿಸುವ ತನಕ ಅಳಿಸಲೂ ಬಾರದಂತೆ.

ಅಕ್ಟೋಬರ್ ೨, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಪೂಜೆ ಕದಲಿಸಿದ ಮೇಲೆ ಸೊಸೆ ಕುಂಕುಮ ಒರೆಸಲು ಕೂತಳು. ಹನ್ನೊಂದನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಇಟ್ಟಿದ್ದಾಳೆ. ಹನ್ನೆರಡನೆಯದನ್ನು ಬಚ್ಚಲಿಗೆ ಒಯ್ದು, ದೇವರ ದೀಪಗಳ ಜೊತೆ ಕೂರಿಸಿಕೊಂಡು, ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದ್ದಾಳೆ. ನಾನು ಹೋಗುವಷ್ಟರಲ್ಲಿ ಅರ್ಧ ತಟ್ಟೆಯ ಚಿನ್ನ ನೀರುಪಾಲು. ಎಲೆಬಳ್ಳಿ ಇದ್ದ ಕಡೆ ಮಂಕು ಹಳದಿ.

"ಏನಮ್ಮಾ ಇದು?" ಅಂದೆ.

"ಕುಂಕುಮ ಹೋಗ್ಲಿಲ್ಲ ಮಾವ. ಹಿತ್ತಾಳೆ ಥರಾನೇ ಅಂದ್ಕೊಂಡೆ. ತಪ್ಪಾಯ್ತು."

ತಲೆ ತಗ್ಗಿಸಿ ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಆಮೇಲೆ ಏನೇನು ಅಂದೆನೋ ಎಲ್ಲ ನೆನಪಿಲ್ಲ. ಅವಳ ಅಪ್ಪನನ್ನು ಅಂದದ್ದು ನೆನಪಿದೆ. ಸುಡೋ ಜನಕ್ಕೆ ಮಾಡೋರ ಕಷ್ಟ ಏನು ಗೊತ್ತು, ಅಂದೆ. ರಾಜೇಂದ್ರ ಬಂದು ನನ್ನ ತೋಳು ಹಿಡಿದ. ಅವಳು ಅವನಿಗೆ, "ನೀವ್ ಸುಮ್ನಿರಿ," ಅಂದಳು.

ಹನ್ನೊಂದಕ್ಕೆ ಹತ್ತಿಬಟ್ಟೆ, ಒಂದಕ್ಕೆ ಹುಣಸೆಹಣ್ಣು. ದಡ್ಡತನಕ್ಕೂ ಒಂದು ಕ್ರಮ ಬೇಡವೇ? ಇನ್ನು ಅವಳ ಜೊತೆ ಮಾತಿಲ್ಲ.

ಅಕ್ಟೋಬರ್ ೪, ಶನಿವಾರ

ಸಂಘಮಿತ್ರಳಿಗೆ ಬರೆದೆ. 'ನನ್ನ ಅನಕ್ಷರಸ್ಥ ಸೊಸೆಯ ಕೈಯಲ್ಲಿ ಡೆರೂಟ ತಟ್ಟೆ ಹಾಳಾಯಿತು.' ಶಕುಂತಲ ಪಕ್ಕದಲ್ಲಿ ನಿಂತು, "ಅವಳು ಬಿ.ಕಾಂ. ಓದಿದ್ದಾಳೆ ರೀ," ಅಂದಳು. 'ತಿಳಿಗೇಡಿ' ಎಂದು ತಿದ್ದಿದೆ.

ಸಂಜೆಯೇ ಉತ್ತರ ಬಂತು. ತುಂಬಾ ದುಃಖವಾಯಿತಂತೆ. ಅಪರೂಪದ ವಸ್ತುಗಳನ್ನು ಕಳ್ಳರಿಂದ ಕಾಪಾಡಬಹುದು, ಮನೆಯವರಿಂದ ಕಷ್ಟವಂತೆ. ಮೊದಲ ಸಲ ಬುದ್ಧಿಯ ಮಾತಾಡಿದ್ದಾಳೆ. ನವೆಂಬರ್ ಎಂಟಕ್ಕೆ ಬಂದೇ ಬರುತ್ತಾಳಂತೆ.

ಅಕ್ಟೋಬರ್ ೧೨, ಭಾನುವಾರ

ಬಟ್ಟಲು ಒಡೆಯಿತು. ಮಿಲಾನಿನದು. ಮೊದಲನೆಯದು.

ಹಾಳಾದ ತಟ್ಟೆಯ ಪಕ್ಕ ಇಟ್ಟು ಹೋಲಿಸೋಣ ಎಂದು ತೆಗೆದಿದ್ದೆ. ವಾಪಸ್ ಇಡುವಾಗ ಬೀರುವಿನ ಹಲಗೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಬಡಗಿ ಅದನ್ನು ಒಂದು ಗೇಣು ಒಳಗೆ ಕೂರಿಸಿದ್ದಾನೆ. ಅವನು ಸತ್ತು ಎಂಟು ವರ್ಷವಾಯಿತು, ಇಲ್ಲದಿದ್ದರೆ ಇವತ್ತೇ ಕರೆಸುತ್ತಿದ್ದೆ.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಸೊಸೆ ಬಂದಳು. ಹತ್ತು ದಿನದಿಂದ ನಾನು ಮಾತು ಬಿಟ್ಟವಳು. ನೆಲಕ್ಕೆ ಕೂತು ಚೂರುಗಳನ್ನು ಒಂದೊಂದಾಗಿ ಮೊರಕ್ಕೆ ಆಯ್ದಳು. ಆಮೇಲೆ ನೆಲ ಗುಡಿಸಿ, ಆ ಧೂಳನ್ನು ಹಿಟ್ಟಿನ ಜರಡಿಯಲ್ಲಿ ಜಾಲಿಸಿದಳು. ಸಾಸಿವೆಯಷ್ಟು ಚೂರನ್ನೂ ಬಿಡಲಿಲ್ಲ. ಅಪ್ಪನ ಮನೆಯಲ್ಲಿ ಬೂದಿ ಜಾಲಿಸಿದ ಅಭ್ಯಾಸ ಇರಬೇಕು. ನಾನು ಅವಳಿಗೆ ಅಂದದ್ದರಲ್ಲಿ ಕಾಲು ಭಾಗ ಅವಳು ನನಗೆ ಅನ್ನಬಹುದಿತ್ತು. ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ವಾಸಿ ಇತ್ತು.

"ಹಲಗೆ ಅಲ್ಲೇ ಇದೆ ರೀ," ಅಂದಳು ಶಕುಂತಲ. "ನಿಮಗೆ ಕಾಣ್ತಿಲ್ಲ."

ಅಕ್ಟೋಬರ್ ೧೪, ಮಂಗಳವಾರ

ಎರಡೂ ಕಣ್ಣಿಗೆ ಪೊರೆ. "ಯಜಮಾನ್ರೇ, ಎಷ್ಟು ವರ್ಷದಿಂದ ಹಿಂಗೇ ಓಡಾಡ್ತಿದೀರ?" ಎಂದು ರಾಜೇಂದ್ರನಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದ. ನಿನಗೆ ಮೀಸೆ ಬರುವ ಮೊದಲಿನಿಂದ ಎನ್ನಬೇಕಿತ್ತು. ಪೊರೆ ಬಂದರೆ ಎಲ್ಲವೂ ಹಳದಿಯಾಗಿ, ಮಂಜಾಗಿ ಕಾಣುತ್ತದಂತೆ. ಶುಕ್ರವಾರ ಬಲಗಣ್ಣಿಗೆ ಆಪರೇಷನ್.

ಪೊರೆ ಬಂದಿರಬಹುದು. ಕೆಲಸ ಗುರುತಿಸುವ ಕಣ್ಣೇ ಬೇರೆ. ಅದಕ್ಕೆ ಪೊರೆ ಬರುವುದಿಲ್ಲ.

ಅಕ್ಟೋಬರ್ ೧೮, ಶನಿವಾರ

ಬರೆಯಬಾರದಂತೆ. ಬರೆಯುತ್ತಿದ್ದೇನೆ. ದಿನಕ್ಕೆ ಆರು ಸಲ ಹನಿ. ಶಕುಂತಲಳ ಕೈ ನಡುಗುತ್ತದೆ, ರಾಜೇಂದ್ರನಿಗೆ ಮಗ್ಗ. ಹಾಗಾಗಿ ಹಾಕುವವಳು ಸೊಸೆ. "ಮೇಲ್ ನೋಡಿ ಮಾವ," ಅನ್ನುತ್ತಾಳೆ. ಮೇಲೆ ನೋಡುತ್ತೇನೆ. ಬೇರೆ ಮಾತಿಲ್ಲ.

ಅಕ್ಟೋಬರ್ ೨೨, ಬುಧವಾರ

ಬಲಿಪಾಡ್ಯಮಿ. ಗೋಡೆ ಬೆಳ್ಳಗಿದೆ. ಹಬ್ಬಕ್ಕೆ ಬಣ್ಣ ಹೊಡೆಸಿದೆಯಾ ಎಂದು ರಾಜೇಂದ್ರನನ್ನು ಕೇಳಿದೆ. ಇಲ್ಲವಂತೆ. ಪಂಚೆ ಎಡಗಣ್ಣಿಗೆ ಹಳದಿ, ಬಲಗಣ್ಣಿಗೆ ಬಿಳಿ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು ಬೆಳಗ್ಗೆಯೆಲ್ಲ ಇದೇ ಕೆಲಸ. ಶಕುಂತಲ ನೋಡಿ ನಕ್ಕಳು. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗಲೋ.

ಅಕ್ಟೋಬರ್ ೩೦, ಗುರುವಾರ

ಬೀರು ತೆಗೆದೆ. ಟಾರ್ಚ್ ಓರೆ ಹಿಡಿದು ಒಂದೊಂದನ್ನೇ ನೋಡಿದೆ. ಕಂದು, ಓರೆ ಮಾಡಿದರೆ ಚಿನ್ನ. ಮತ್ತೆ ಕಂದು, ಮತ್ತೆ ಚಿನ್ನ. ಧೂಳೂ ಇಲ್ಲ, ಮಣ್ಣೂ ಇಲ್ಲ, ಅವು ಇದ್ದ ಹಾಗೆಯೇ ಇವೆ. ಕುರುಡ ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ಹನ್ನೆರಡನೆಯದು. ತಿಕ್ಕದೆ ಉಳಿದ ಅರ್ಧವನ್ನು ನೇರ ಹಿಡಿದೆ, ಚಿನ್ನ. ಓರೆ ಹಿಡಿದೆ, ಅದೇ ಚಿನ್ನ. ತಿರುಗಿಸಿದೆ, ತಲೆಕೆಳಗು ಮಾಡಿದೆ, ಅದೇ. ಸುಂದರಿಯ ಕಿವಿಯ ಹತ್ತಿರ, ಚಿನ್ನದ ಬಣ್ಣದೊಳಗೆ ಹೂತುಕೊಂಡು, ಉಗುರಿನುದ್ದದ ಒಂದು ಕೂದಲು.

ಕುಂಚದ ಕೂದಲು. ಬಳಿಯುವಾಗ ಉದುರಿ ಅಂಟಿಕೊಂಡದ್ದು. ಒಲೆ ಕಂಡಿದ್ದರೆ ಸುಟ್ಟು ಹೋಗಿರಬೇಕಿತ್ತು. ಅಂದರೆ ಈ ಚಿನ್ನ ಬೆಂಕಿಯನ್ನೇ ಕಂಡಿಲ್ಲ. ಯಾವುದೋ ಹೊಸ ತಟ್ಟೆಗೆ ಯಾರೋ ಮೊನ್ನೆ ಮೊನ್ನೆ ಅಂಗಡಿಯ ಬಣ್ಣ ಬಳಿದಿದ್ದಾರೆ. ಏನು ಮಾರುತ್ತಿದ್ದೇನೆಂದು ಭೀಮರಾಜನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಕೊಂಡವನು. ಸೆಪ್ಟೆಂಬರ್ ಹನ್ನೊಂದರ ಪುಟ ತೆಗೆದು ಓದಿದೆ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿವೆ. 'ಹೇಗೆ ಹಿಡಿದರೂ ಚಿನ್ನ' ಎಂದು ನಾನೇ ಬರೆದಿದ್ದೇನೆ.

ಅಡುಗೆಮನೆಗೆ ಹೋದೆ. ಸೊಸೆ ಸೊಪ್ಪು ಬಿಡಿಸುತ್ತಿದ್ದಳು.

"ಕೂದ್ಲು ಇದೆ ಕಣಮ್ಮ," ಅಂದೆ.

"ಹೂಂ ಮಾವ."

"ಮತ್ತೆ ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?" ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಆ ಮೇಡಂ ಬಂದು ಊರವರ ಮುಂದೆ ನಕಲಿ ಅಂದ್ಬಿಟ್ಟಿದ್ರೆ ಎಲ್ರೂ ನಗೋರು. ಸೊಸೆ ಹಾಳ್ಮಾಡಿದ್ಲು ಅಂದ್ರೆ ಏನು, ನಾಲ್ಕ್ ದಿನ ಬೈತೀರ, ಮರೀತೀರ."

ನಾಲ್ಕು ದಿನವಲ್ಲ. ನಾಲ್ಕು ವಾರವಾಯಿತು.

"ಇದು ನಕಲಿ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ನಮ್ಮಪ್ಪನ ಅಂಗಡೀಲಿ, ಹಳೇ ಸೀರೆ ಹೊಸದರ ಥರ ಹೊಳೀತಿದ್ರೆ ಮೊದ್ಲು ಅದನ್ನೇ ಅನುಮಾನ ಪಡೋರು ಮಾವ."

ನನ್ನನ್ನು ಕಾಪಾಡಲು ಇವಳಿಗೆ ಯಾರು ಹೇಳಿದ್ದರು? ಇಂಥ ದಯೆ ನಾನು ಕೇಳಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ತೋರಿಸಬೇಕೋ ತಿಳಿಯದೆ ಅಲ್ಲೇ ಕೂತು ಸೊಪ್ಪು ಬಿಡಿಸಿದೆ. ಎಲೆ ಬಿಟ್ಟು ದಂಟು ಹಾಕುತ್ತಿದ್ದೀರಿ ಎಂದು ಎರಡು ಸಲ ತಿದ್ದಿದಳು. ತಿದ್ದುವುದರಲ್ಲಿ ಎತ್ತಿದ ಕೈ.

ನವೆಂಬರ್ ೩, ಸೋಮವಾರ

ಸೊಸೆ ಬಟ್ಟಲಿನ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡಿದ್ದಳು. ಅಂಚಿಗೆ ಅಂಚು ಹೊಂದಿಸುವುದು, ಗೋಂದು ಮುಟ್ಟುವುದಿಲ್ಲ. ಅಷ್ಟು ತಿಳಿವಳಿಕೆ ಇದೆ. ನಾನು ಟಾರ್ಚ್ ಹಿಡಿದೆ. ಒಂದು ಚೂರು ತಪ್ಪಾಗಿ ಇಟ್ಟಿದ್ದೀಯ ಅಂದೆ. ಇಲ್ಲ ಅಂದಳು. ಇಟ್ಟು ನೋಡಿದೆವು. ತಪ್ಪಾಗಿರಲಿಲ್ಲ. ಟಾರ್ಚಿನ ಬ್ಯಾಟರಿ ಮಂಕಾಗಿತ್ತು.

ಸಂಘಮಿತ್ರಳಿಗೆ ನಿಜ ತಿಳಿಸಿ ಬರೆಯಬೇಕು. ಎರಡು ಸಲ ಶುರು ಮಾಡಿ ಹರಿದೆ. ಹಾಳಾದದ್ದು ಹಾಳಾಯಿತು ಎಂದು ಅವಳಾಗಲೇ ನಂಬಿದ್ದಾಳೆ.

ನವೆಂಬರ್ ೮, ಶನಿವಾರ

ಹತ್ತಕ್ಕೆ ಬರುತ್ತೇನೆಂದವಳು ಹನ್ನೊಂದೂವರೆಗೆ ಬಂದಳು. ಯಲಹಂಕದಲ್ಲಿ ಟ್ರಾಫಿಕ್ ಅಂತೆ. ಸಂಘದ ಇಬ್ಬರೂ ಭಾನುಪ್ರಕಾಶನೂ ಅಷ್ಟರಲ್ಲಿ ಎರಡು ಸಲ ಉಪ್ಪಿಟ್ಟು ತಿಂದಿದ್ದರು.

ಬೀರು ಪೂರ್ತಿ ನೋಡುವ ಮೊದಲೇ ಹನ್ನೆರಡನೆಯದನ್ನು ಕೈಗೆತ್ತಿಕೊಂಡಳು. ಹೀಗೆ ತಿರುಗಿಸಿ ಹಾಗೆ ತಿರುಗಿಸಿ, "ಎಂಥಾ ಲಾಸ್ ಸರ್. ಉಳಿದ ಅರ್ಧದಲ್ಲೇ ಎಷ್ಟು ಮೆರುಗಿದೆ ನೋಡಿ," ಅಂದಳು. ಕಾಫಿ ತಂದ ಸೊಸೆಯ ಕಡೆ ತಿರುಗಿ, "ಇವರೇನಾ?" ಅಂದಳು. ಆಮೇಲೆ ನನಗೆ, "ಇಂಥವರ ಕೈಗೆಲ್ಲ ಇದನ್ನ ಕೊಡ್ಲೇಬಾರ್ದು ಸರ್." ಸೊಸೆ ಲೋಟ ಇಟ್ಟು ತಲೆ ತಗ್ಗಿಸಿ ನಿಂತಳು. ಅವತ್ತು ಬಚ್ಚಲಲ್ಲಿ ನಿಂತ ಹಾಗೆಯೇ.

ಸುಮ್ಮನಿದ್ದಿದ್ದರೆ ಆಗಿತ್ತು. ಕಳೆದುಹೋದ ಅಪೂರ್ವ ತಟ್ಟೆಯ ಒಡೆಯ ಎಂದು ನನ್ನ ಹೆಸರು ಉಳಿಯುತ್ತಿತ್ತು. ಭಾನುಪ್ರಕಾಶ್ ಆಗಲೇ ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡಿದ್ದ, ನಾನು ಬೇಡಿದ ಮರ್ಯಾದೆ ಎದುರಿಗೇ ಇತ್ತು. ಆದರೆ ಈ ಡಾಕ್ಟರೇಟ್ ಹೆಂಗಸು ಎರಡು ಒಳ್ಳೆಯ ಕಣ್ಣು ಇಟ್ಟುಕೊಂಡು, ಎಲ್ಲ ಕಡೆಯಿಂದಲೂ ಒಂದೇ ಹೊಳಪು ಕಾಣುತ್ತಿದ್ದರೂ, ಬಳಿದ ಬಣ್ಣಕ್ಕೆ ಅಳುತ್ತಿದ್ದಾಳೆ. ಅತ್ತು, ನೋಡಬಲ್ಲವಳನ್ನು ಬೈಯುತ್ತಿದ್ದಾಳೆ. ನನಗಾದರೂ ಪೊರೆ ಇತ್ತು. ಇವಳಿಗೇನು ಬಂದಿದೆ?

"ಅನಿತ," ಅಂದೆ. "ಆ ಟಾರ್ಚ್ ತಗೊಂಡ್ ಬಾಮ್ಮ. ಮೇಡಂಗೆ ಕೂದ್ಲು ತೋರ್ಸು."

"ಬೇಡ ಬಿಡಿ ಮಾವ," ಅಂದಳು ಮೆಲ್ಲಗೆ.

"ತೋರ್ಸು."

ತೋರಿಸಿದಳು. ಬೆಂಕಿ ಕಂಡಿದ್ದರೆ ಕೂದಲು ಉಳಿಯುತ್ತಿರಲಿಲ್ಲ ಎಂದಳು. ಪಕ್ಕದಲ್ಲಿ ಏಳನೆಯ ತಟ್ಟೆ ಇಟ್ಟು, ಅಸಲಿ ಹೇಗೆ ಹೊಳೆಯುತ್ತದೆ, ಹೇಗೆ ಆರುತ್ತದೆ ಎಂದು ಬೆಳಕು ಆಡಿಸಿದಳು. ಈ ತಟ್ಟೆ ನಕಲಿ, ಅದು ನನಗೆ ಕಾಣಲಿಲ್ಲ, ಇವಳಿಗೆ ಮೊದಲ ದಿನವೇ ಕಂಡಿತ್ತು ಎಂದು ನಾನು ಹೇಳಿದೆ. ಇವಳನ್ನು ತಿಳಿಗೇಡಿ ಎಂದು ಬರೆದವನು ನಾನೇ, ಅದನ್ನು ಹರಿದು ಹಾಕಿ ಎಂದೂ ಹೇಳಿದೆ. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಂಗಾದ್ರೆ ಟೋಪಿ ಹಾಕಿಸ್ಕೊಂಡ್ರಾ ಸಾರ್?" ಎಂದು ನಕ್ಕ ಭಾನುಪ್ರಕಾಶ್.

"ಹೂಂನಪ್ಪ, ಹಾಕಿಸ್ಕೊಂಡೆ. ನಿನ್ನ ಸೈಟುಗಳನ್ನ ನೋಡೋಕೂ ಇವಳನ್ನ ಕಳಿಸ್ತೀನಿ ಇರು."

ಅವನು ಮೂರನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡ.

ಸಂಘಮಿತ್ರ ಬಹಳ ಹೊತ್ತು ಬಗ್ಗಿ ಆ ಕೂದಲನ್ನು ನೋಡಿದಳು. ಆಮೇಲೆ ಕ್ಷಮೆ ಕೇಳಿದಳು, ನನ್ನನ್ನಲ್ಲ. ಮುಖಪುಟ ಬೇಡ, ಏಳು ಮತ್ತು ಹನ್ನೆರಡನ್ನು ಅಕ್ಕಪಕ್ಕ ಇಡೋಣ, ಜನ ನೋಡಿ ಕಲಿಯಲಿ ಅಂದಳು. ಬಟ್ಟಲಿನ ಚೂರುಗಳನ್ನೂ ಬಟ್ಟೆಯ ಮೇಲೆ ಇದ್ದ ಹಾಗೆಯೇ ಇಡುತ್ತಾಳಂತೆ.

ತಟ್ಟೆಯ ಕೆಳಗಿನ ಚೀಟಿಯ ಕರಡನ್ನು ಅಲ್ಲೇ ಬರೆದು ತೋರಿಸಿದಳು. 'ನಕಲಿ. ಸಂಗ್ರಹ: ಲಕ್ಷ್ಮಣಪ್ಪ, ದೊಡ್ಡಬಳ್ಳಾಪುರ. ಪತ್ತೆ ಹಚ್ಚಿದವರು: ಸಂಗ್ರಾಹಕರ ಸೊಸೆ.' ಓದಿ ಮೈ ಉರಿಯಿತು. ಸೊಸೆ ಅಂದರೆ ಯಾರು? ಅವಳಿಗೊಂದು ಹೆಸರಿಲ್ಲವೇ? ಮನೆಯಲ್ಲಿರುವ ಮನುಷ್ಯರನ್ನು ಹೀಗೆ ಹೆಸರಿಲ್ಲದೆ ಬರೆಯುವ ಅಭ್ಯಾಸ ಈ ಓದಿದವರಿಗೆ ಎಲ್ಲಿಂದ ಬರುತ್ತದೋ. ಅದನ್ನು ಹೊಡೆದು ಹಾಕಿಸಿ, ನಾನು ಹೇಳಿದ ಹಾಗೆ ಬರೆಸಿದೆ: 'ಅನಿತ. ಹಳೇ ಜರಿ ವ್ಯಾಪಾರಿ ಆವಲಪ್ಪನವರ ಮಗಳು.' ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ ನೋಡಿದೆ. ಸರಿಯಾಗಿತ್ತು.